ಹಿಡಿ ಅಕ್ಕಿಯ ಕಾವಲು

ಭೂಮಿ ದೊರೆತ ಮಾತ್ರಕ್ಕೆ ಕೃಷಿಕನ ಬದುಕು ಭದ್ರವಾಗುವುದಿಲ್ಲ. ಇಂಡೋನೇಷ್ಯದ ವಲಸೆ ಗ್ರಾಮಗಳ ಇತಿಹಾಸವೇ ಇದಕ್ಕೆ ನಿದರ್ಶನ.

ಜನದಟ್ಟಣೆಯ ಜಾವಾ ದ್ವೀಪದ ರೈತ ಕುಟುಂಬಗಳನ್ನು ಬೇರೆಡೆ ನೆಲೆಗೊಳಿಸುವ ಕಾರ್ಯವನ್ನು ಡಚ್ಚರು 1905ರಲ್ಲಿ ಸುಮಾತ್ರಾದ ಲಾಂಪುಂಗ್ ಪ್ರಾಂತದಲ್ಲಿ ಆರಂಭಿಸಿದರು. ಸ್ವಾತಂತ್ರ್ಯಾನಂತರದ ಸರ್ಕಾರವೂ ಅದನ್ನು ಮುಂದುವರಿಸಿ, ಕುಟುಂಬವೊಂದಕ್ಕೆ ಸಾಮಾನ್ಯವಾಗಿ 2 ಹೆಕ್ಟೇರ್ ಭೂಮಿ, ಚಿಕ್ಕದೊಂದು ಮನೆ ನೀಡಿತು.

ವಲಸೆ ಬಂದವರು ತವರಿನ ಪದ್ಧತಿಗಳನ್ನೂ ಜೊತೆಗೆ ತಂದರು. ಅವುಗಳಲ್ಲಿ 'ರೊಂಡಾ' ಒಂದು. ಗಂಡಸರು ಸರದಿಯಂತೆ ಇರುಳು ಕಾವಲು ತಿರುಗುತ್ತಾರೆ. ಅಪಾಯ ಕಂಡರೆ ಟೊಳ್ಳು ಬಿದಿರನ್ನು ಬಡಿದು ಊರನ್ನೆಬ್ಬಿಸುತ್ತಾರೆ. ಜಾವಾದ ಅನೇಕ ಹಳ್ಳಿಗಳಲ್ಲಿ ಮನೆಮನೆಯ ಮುಂದೆ ಇರಿಸಿದ ಹಿಡಿ ಅಕ್ಕಿಯನ್ನು ಕಾವಲಿನವರು ಸಂಗ್ರಹಿಸುವುದುಂಟು. 'ಜಿಂಪಿತಾನ್' ಎಂಬ ಈ ಅಕ್ಕಿಯೇ ಊರಿನ ನಿಧಿ.

ಆದರೆ ಕಾವಲಿನಿಂದ ಕಳ್ಳರನ್ನು ತಡೆಯಬಹುದು, ನೆರೆಯವರ ಅಸಮಾಧಾನವನ್ನಲ್ಲ. ಸರ್ಕಾರ ಹಂಚಿದ ನೆಲವನ್ನು ಅನೇಕ ಕಡೆ ಮೂಲನಿವಾಸಿಗಳು ತಮ್ಮ ಪೂರ್ವಿಕರ ಕಾಡೆಂದೇ ಭಾವಿಸಿದ್ದರು. ಹಕ್ಕುಪತ್ರ ಒಬ್ಬರ ಕೈಯಲ್ಲಿ, ಪರಂಪರೆಯ ಹಕ್ಕು ಮತ್ತೊಬ್ಬರ ನೆನಪಿನಲ್ಲಿ! ನೆಲ ಹಾಗೂ ಜೀವನೋಪಾಯದ ಪೈಪೋಟಿಯು ಇತರ ಕಾರಣಗಳೊಡನೆ ಸೇರಿ, 2001ರಲ್ಲಿ ಕಲಿಮಂಟಾನ್‌ನ ಸಾಂಪಿಟ್‌ನಲ್ಲಿ ದಯಾಕರಿಗೂ ಮದುರಾ ದ್ವೀಪದ ವಲಸಿಗರಿಗೂ ಘರ್ಷಣೆಯಾಯಿತು. ನೂರಾರು ಜನ ಮಡಿದರು. ಸಹಸ್ರಾರು ಜನ ಆಸ್ತಿಪಾಸ್ತಿ ತೊರೆದು ಓಡಿದರು.

ಬೇಲಿಯಾಚೆಯವರನ್ನೂ ಆ ಹಿಡಿ ಅಕ್ಕಿಯ ಪಾಲುದಾರರನ್ನಾಗಿಸಿಕೊಂಡಾಗಲೇ ಆಸ್ತಿಗೂ ಪ್ರಾಣಕ್ಕೂ ನಿಜವಾದ ರಕ್ಷಣೆ.