ಓದಿ ಹೇಳುವ ಕೈಗಣಕ

ಸಿಂಪ್ಯೂಟರ್ ಬೆಂಗಳೂರಿನಲ್ಲಿ ರೂಪುಗೊಂಡ, ಅಂಗೈಯಲ್ಲಿ ಹಿಡಿಸುವ ಕಂಪ್ಯೂಟರ್. ಅದಕ್ಕೆ ಕೀಲಿಮಣೆ ಇಲ್ಲ. ಪರದೆಯನ್ನು ಸಣ್ಣ ಕಡ್ಡಿಯಿಂದ ಮುಟ್ಟಿ ನಡೆಸಬೇಕು. ಒಳಗಿರುವುದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಮೈಮೇಲೆ ಸ್ಮಾರ್ಟ್ ಕಾರ್ಡ್ ತೂರಿಸಲು ಒಂದು ಸೀಳು, ಮಾತು ಕೇಳಿಸಲು ಪುಟ್ಟ ಸ್ಪೀಕರ್. ಅಗ್ಗದ ಕೈಗಣಕವೊಂದು ಸಾಮಾನ್ಯ ಮನುಷ್ಯನ ದಿನಬಳಕೆಗೆ ಒದಗೀತೇ ಎಂಬ ಪ್ರಶ್ನೆಯನ್ನು ಭಾರತದಲ್ಲಿ ಇಷ್ಟು ಗಂಭೀರವಾಗಿ ಎತ್ತಿಕೊಂಡ ಯಂತ್ರ ಇನ್ನೊಂದಿಲ್ಲ. ಹಾಗಾಗಿ ಅದನ್ನು ಅದೇ ಪ್ರಶ್ನೆಯಿಂದಲೇ ಅಳೆಯುವುದು ನ್ಯಾಯ.

ಇತಿಹಾಸ ಹಲವರಿಗೆ ಗೊತ್ತಿರುವುದೇ. 1998ರ ಬೆಂಗಳೂರು ಐಟಿ ಮೇಳದ ವೇಳೆ ನಡೆದ ವಿಚಾರಸಂಕಿರಣದಲ್ಲಿ ಈ ಯೋಚನೆ ಮೊಳೆಯಿತು. ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಒಂದು ಕಡೆಯಿಂದ, ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಸಂಗಡಿಗರು ಇನ್ನೊಂದು ಕಡೆಯಿಂದ ಕೂಡಿಕೊಂಡರು. 2001ರ ಏಪ್ರಿಲ್‌ನಲ್ಲಿ ಮಾದರಿ ಹೊರಬಂತು. ಅದೇ ವರ್ಷದ ಕೊನೆಗೆ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್‌ನ ಸಾಪ್ತಾಹಿಕದಲ್ಲಿ, ಆ ವರ್ಷ ಕಂಪ್ಯೂಟರ್ ತಂತ್ರಜ್ಞಾನದಲ್ಲಾದ ಅತಿ ಮುಖ್ಯ ಹೊಸತನ ಇದೇ ಎಂದು ಬರೆದರು. ಮಾದರಿಯಿಂದ ಅಂಗಡಿಗೆ ಬರಲು ಮಾತ್ರ ಮೂರು ವರ್ಷ ಹಿಡಿಯಿತು. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕಟ್ಟಿದ ಪಿಕೋಪೆಟಾ ಕಂಪನಿಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ 2004ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂತು.

ಇಂದಿಗೂ ಜೀವ ಹಿಡಿದಿರುವ ಅಮಿಡಾ ಕೈಗೆ ಸಿಕ್ಕರೆ ಮೊದಲು ಗಮನ ಸೆಳೆಯುವುದು ಅದರ ಕಾಲಕ್ಕೆ ತಕ್ಕುದಲ್ಲದ ಒಂದು ಚಳಕ. ಯಂತ್ರವನ್ನು ಓರೆ ಮಾಡಿದರೆ ಅದಕ್ಕೆ ತಿಳಿಯುತ್ತದೆ. ಮಣಿಕಟ್ಟನ್ನು ಸ್ವಲ್ಪ ಕೊಡವಿದರೆ ಪುಟ ತಿರುಗುತ್ತದೆ. ವಾಲಿಸಿದರೆ ಆಟದ ಗೋಲಿ ಆ ಕಡೆಗೆ ಉರುಳುತ್ತದೆ. ಒಳಗಿರುವ ವೇಗೋತ್ಕರ್ಷ ಮಾಪಕ ಎಂಬ ಸಂವೇದಕದ ಕೆಲಸ ಇದು. ಐಫೋನ್ ಬಂದದ್ದು 2007ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು ಬೆಂಗಳೂರಿನಲ್ಲಿ ಇದಿತ್ತು ಎಂಬ ಮಾತು ಆಗಾಗ ಹೆಮ್ಮೆಯಿಂದ ಕೇಳಿಬರುತ್ತದೆ. ಹೆಮ್ಮೆ ಸಲ್ಲುವಂಥದ್ದೇ, ಆದರೆ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ಕಾಂಪ್ಯಾಕ್ ಕಂಪನಿಯ ಪ್ರಯೋಗಾಲಯದಲ್ಲಿ 'ಇಟ್ಸಿ' ಎಂಬ ಕೈಗಣಕದ ಮೇಲೆ ಇದೇ ಬಗೆಯ ಪ್ರಯೋಗ ನಡೆದು, 2000ನೇ ಇಸವಿಯಷ್ಟು ಹೊತ್ತಿಗೇ ಅದರ ಕುರಿತ ಪ್ರಬಂಧವೂ ಬಂದಿತ್ತು. ಇಟ್ಸಿಯ ಒಳಗಿದ್ದದ್ದೂ ಲಿನಕ್ಸ್, ಸಿಂಪ್ಯೂಟರ್‌ನಂತೆಯೇ ಸ್ಟ್ರಾಂಗ್‌ಆರ್ಮ್ ಕುಟುಂಬದ ಚಿಪ್. ಅಮಿಡಾದ ಹಿರಿಮೆ ಇರುವುದು ಅದನ್ನು ಪ್ರಯೋಗಾಲಯದಿಂದ ಹೊರತಂದು, ರೂಪಾಯಿ ಕೊಟ್ಟು ಕೊಳ್ಳಬಹುದಾದ ವಸ್ತುವಿನಲ್ಲಿ ಕೂರಿಸಿದ್ದರಲ್ಲಿ.

ದಿನಬಳಕೆಯ ದೃಷ್ಟಿಯಿಂದ ಇದಕ್ಕಿಂತ ತೂಕದ ಸಂಗತಿ ಯಂತ್ರದ ಮಾತು. ಸಿಂಪ್ಯೂಟರ್‌ಗಾಗಿಯೇ ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ರೂಪಿಸಿದರು. ಪಠ್ಯವನ್ನು ಕೊಟ್ಟರೆ ಗಟ್ಟಿಯಾಗಿ ಓದುವುದು ಅದರ ಕೆಲಸ. ಓದಲು ಬಾರದವರೂ ಕಂಪ್ಯೂಟರ್ ಬಳಸಬೇಕೆಂದರೆ ಚಿತ್ರಗಳು ಅರ್ಧ ದಾರಿಯವರೆಗೆ ಮಾತ್ರ ಸಾಕು. ಉಳಿದರ್ಧಕ್ಕೆ ಕಿವಿಯೇ ಬೇಕು. ಯಂತ್ರದ ಕೈಯಲ್ಲಿ ಇದ್ದ ಸಾಮಗ್ರಿಯಾದರೋ ಇಂದಿನ ಲೆಕ್ಕದಲ್ಲಿ ಏನೂ ಅಲ್ಲ: 206 ಮೆಗಾಹರ್ಟ್ಸ್‌ನ ಚಿಪ್, 64 ಎಂಬಿ ರ‍್ಯಾಮ್, 32 ಎಂಬಿ ಫ್ಲಾಶ್ ಸಂಗ್ರಹ. ಲಿನಕ್ಸ್, ಅನ್ವಯಗಳು, ಬಳಕೆದಾರರ ಕಡತಗಳು, ಇವುಗಳ ಜೊತೆಗೆ ಭಾಷೆಗಳ ಉಚ್ಚಾರಣೆಯೂ ಅಷ್ಟರೊಳಗೆ ಕೂರಬೇಕಿತ್ತು.

ಧ್ವನಿ ಇದನ್ನು ಸಾಧಿಸುವ ಬಗೆ ಸೊಗಸಾಗಿದೆ. ಮನುಷ್ಯ ಕಂಠದಲ್ಲಿ ಮೊದಲೇ ಮುದ್ರಿಸಿಕೊಂಡ ಚಿಕ್ಕ ಚಿಕ್ಕ ತುಣುಕುಗಳು ಅದರಲ್ಲಿರುತ್ತವೆ: ವ್ಯಂಜನದಿಂದ ಸ್ವರಕ್ಕೆ ಹತ್ತುವ ತುಣುಕು, ಸ್ವರದಿಂದ ವ್ಯಂಜನಕ್ಕೆ ಇಳಿಯುವ ತುಣುಕು, ಬರಿಯ ಸ್ವರ. 'ಮಳೆ' ಎಂದು ಓದಬೇಕಾದಾಗ ಮಕಾರದಿಂದ ಅಕಾರದವರೆಗಿನದು, ಅಕಾರದಿಂದ ಳಕಾರದವರೆಗಿನದು, ಳಕಾರದಿಂದ ಎಕಾರದವರೆಗಿನದು ಸಾಲಾಗಿ ಬಂದು ಸೇರುತ್ತವೆ. ಇಡೀ ಪದಗಳನ್ನು ತುಂಬಿಡಬೇಕಾಗಿಲ್ಲ. ಇಂಥ ತುಣುಕುಗಳ ಪುಟ್ಟ ಗಂಟೊಂದರಿಂದ ಯಾವ ಪದವನ್ನಾದರೂ ಕಟ್ಟಬಹುದು.

ಈ ಉಪಾಯಕ್ಕೆ ಕನ್ನಡ ಹೇಳಿ ಮಾಡಿಸಿದ ಭಾಷೆ. ಹಿಂದಿಯಲ್ಲಿ 'ರಾಮ' ಎಂದು ಬರೆದು 'ರಾಮ್' ಎನ್ನುತ್ತಾರೆ. ಎಲ್ಲಿ ಅಕಾರ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬ ನಿಯಮಗಳನ್ನು ಯಂತ್ರಕ್ಕೆ ಕಲಿಸಬೇಕು. ತಮಿಳಿನಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ಅಕ್ಕಪಕ್ಕ ನೋಡಿ ಊಹಿಸಬೇಕು. ಕನ್ನಡದಲ್ಲಿ ಬರೆದ ಅಕಾರ ಕೇಳಿಸುತ್ತದೆ, ಕಕಾರ ಗಕಾರ ಬೇರೆಬೇರೆ ನಿಲ್ಲುತ್ತವೆ. ತೊಡಕುಗಳು ಇಲ್ಲವೆಂದಲ್ಲ. '1998' ಎಂದು ಬಂದರೆ ಸಾವಿರದ ಒಂಬೈನೂರ ತೊಂಬತ್ತೆಂಟು ಎನ್ನಬೇಕು, 'ರೂ.' ಎಂದಿದ್ದರೆ ರೂಪಾಯಿ ಎನ್ನಬೇಕು. 'ಬ್ಯಾಂಕ್' ಎಂಬುದರ ಸ್ವರ ಹಳೆಯ ಅಕ್ಷರಮಾಲೆಯಲ್ಲಿಲ್ಲ. ತುಣುಕು ಸೇರಿಸಿ ಕಟ್ಟಿದ ದನಿಗೆ ಏರಿಳಿತ ಕಡಿಮೆ; ಪ್ರಶ್ನೆಯೂ ಉತ್ತರವೂ ಒಂದೇ ಧಾಟಿಯಲ್ಲಿ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ಅಂತರ ಪುಸ್ತಕದ ಕನ್ನಡಕ್ಕೂ ಬಾಯಿಯ ಕನ್ನಡಕ್ಕೂ ಇರುವುದು. 'ಮಾಡುತ್ತಾರೆ' ಎಂದು ಬಿಡಿಸಿ ಬಿಡಿಸಿ ಓದುವ ಯಂತ್ರದ ಮಾತು, 'ಮಾಡ್ತಾರೆ' ಎನ್ನುವ ಹಳ್ಳಿಗೆ ಕಚೇರಿಯ ಮಾತಾಗಿ ಕೇಳಿಸುತ್ತದೆ. ಆದರೂ ಅರ್ಥವಾಗುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರ ಕನ್ನಡವನ್ನು ಓದಿ ಹೇಳಿತು ಎಂಬುದು ಅಂದಿನ ಮಟ್ಟಿಗೆ ಸಣ್ಣ ಸಾಧನೆಯಲ್ಲ.

ಇನ್ನೊಂದು ದೊಡ್ಡ ಯೋಚನೆ ಹಂಚಿಕೆಯದು. ಯಂತ್ರ ಒಬ್ಬರದಾಗಬೇಕಿಲ್ಲ, ಊರಿನದಾಗಲಿ. ಪ್ರತಿಯೊಬ್ಬರ ವಿವರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದು ಟ್ರಸ್ಟಿನ ಲೆಕ್ಕಾಚಾರ. ಪಂಚಾಯಿತಿಯೋ ಶಾಲೆಯೋ ಒಂದನ್ನು ಕೊಂಡರೆ ಬೆಲೆ ನೂರು ಜನರ ನಡುವೆ ಹರಿದುಹೋಗುತ್ತದೆ. ಮೊದಲ ಮಾದರಿಯನ್ನು ಕಿರಾಣಿ ಅಂಗಡಿಯಲ್ಲಿ ಸಿಗುವಂಥ ಸಣ್ಣ ಸೆಲ್ಲುಗಳಲ್ಲಿ ನಡೆಯುವಂತೆ ಮಾಡಿದ್ದು ಕೂಡ ಇದೇ ಕಾಳಜಿಯಿಂದ. ಕಾಗದದ ಮೇಲೆ ಇದು ಉದಾರವಾದ, ಮನಸ್ಸಿಗೆ ಹಿಡಿಸುವ ಚಿತ್ರ. ಬಳಕೆಯಲ್ಲಿ ಮಾತ್ರ ಯಂತ್ರ ಯಾರ ಮನೆಯಲ್ಲಿರಬೇಕು, ಯಾರು ಚಾರ್ಜ್ ಮಾಡಬೇಕು, ಕೆಟ್ಟರೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆ ಕಾರ್ಡಿನಲ್ಲಿ ಉತ್ತರವಿರಲಿಲ್ಲ.

ಬೆಲೆಯೂ ಕೈಹಿಡಿಯಲಿಲ್ಲ. ಗುರಿ ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 2004ರಲ್ಲಿ ಕಪ್ಪು-ಬಿಳುಪು ಪರದೆಯ ಅಮಿಡಾಗೆ ಸುಮಾರು 10,000 ರೂಪಾಯಿ ಬಿತ್ತು. ಬಣ್ಣದ ಪರದೆಯದಕ್ಕೆ ಸುಮಾರು ಅದರ ಎರಡರಷ್ಟು. ವಿಳಾಸ, ದಿನಚರಿ, ಲೆಕ್ಕ ಇಷ್ಟೇ ಸಾಕು ಎನ್ನುವವರಿಗಾಗಿ ಪಾಮ್ ಕಂಪನಿ 2002ರಲ್ಲೇ ಅಮೆರಿಕದಲ್ಲಿ 99 ಡಾಲರಿನ 'ಝೈರ್' ತಂದಿತ್ತು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ, ಶಕ್ತಿಯೂ ತೀರಾ ಕಡಿಮೆ, ಆದರೆ ಮಾಡುವ ಕೆಲಸ ಸ್ಪಷ್ಟವಾಗಿತ್ತು. ಸಿಂಪ್ಯೂಟರ್ ಅಂತರ್ಜಾಲಕ್ಕೆ ಹೋಗಬೇಕಾದರೆ ಹೊರಗಿನಿಂದ ದೂರವಾಣಿ ಸಂಪರ್ಕ ಜೋಡಿಸಬೇಕಿತ್ತು. ಹಳ್ಳಿಯಲ್ಲಿ ಅದೇ ಅಪರೂಪ. ಸಂಪರ್ಕವಿಲ್ಲದಾಗ ಉಳಿಯುವುದು ಟಿಪ್ಪಣಿ, ಲೆಕ್ಕ, ಹಾಡು, ಆಟ.

ಅದೇ ಹೊತ್ತಿಗೆ ಮೊಬೈಲ್ ಕರೆ ಅಗ್ಗವಾಯಿತು. 2003ರಲ್ಲಿ ಬಂದ ನೋಕಿಯಾ 1100 ಧೂಳಿಗೆ ಜಗ್ಗದ, ಟಾರ್ಚ್ ಇರುವ, ಮಾತಾಡಲೆಂದೇ ಇದ್ದ ಫೋನ್. ಸಿಂಪ್ಯೂಟರ್ ಅಕ್ಷರಕ್ಕೆ ದನಿ ಕೊಟ್ಟಿತು. ಫೋನು ಅಕ್ಷರದ ಗೊಡವೆಯನ್ನೇ ತಪ್ಪಿಸಿತು. ಮಂಡಿಯ ಧಾರಣೆ ಬೇಕೆಂದರೆ ಅಲ್ಲಿದ್ದವನಿಗೆ ಒಂದು ಕರೆ ಮಾಡಿದರಾಯಿತು. ಓದಲು ಬಾರದವರ ಯಂತ್ರವಾಗುವ ಸ್ಪರ್ಧೆಯಲ್ಲಿ ಸಿಂಪ್ಯೂಟರ್ ಸೋತದ್ದು ಇನ್ನೊಂದು ಕಂಪ್ಯೂಟರಿಗಲ್ಲ.

2005ರ ಪತ್ರಿಕಾ ವರದಿಗಳ ಪ್ರಕಾರ ಮಾರಾಟವಾದದ್ದು ಸುಮಾರು 4,000. ನಿರೀಕ್ಷೆ ಹತ್ತಾರು ಸಾವಿರದ್ದು. ಕೊಂಡವರಲ್ಲಿ ಮನೆಯವರಿಗಿಂತ ಇಲಾಖೆಗಳೇ ಹೆಚ್ಚು ಎದ್ದು ಕಾಣುತ್ತವೆ. ಕರ್ನಾಟಕ ಸರ್ಕಾರ ಭೂದಾಖಲೆ ಸಂಗ್ರಹದ ಕೆಲಸಕ್ಕೆ ಬಳಸಿತು. ಛತ್ತೀಸಗಢದಲ್ಲಿ ಶಾಲೆಗೆ ಹೋಯಿತು. ಎನ್ಕೋರ್ ಇದೇ ಬುನಾದಿಯ ಮೇಲೆ ಭೂಸೇನೆಗಾಗಿ 'ಸಾಥಿ' ಎಂಬ ಕೈಗಣಕ ರೂಪಿಸಿತು. ಹೊರಗೆ ಓಡಾಡುತ್ತಾ ವಿವರ ದಾಖಲಿಸಬೇಕಾದ ಸಿಬ್ಬಂದಿಗೆ ಯಂತ್ರ ಚೆನ್ನಾಗಿಯೇ ಒದಗಿತು. ಅಲ್ಲಿ ಕೊಳ್ಳುವ ಖರ್ಚು ಕಚೇರಿಯದು, ಮಾಡುವ ಕೆಲಸ ನಿಶ್ಚಿತ, ಸಂಜೆ ಕಚೇರಿಗೆ ಮರಳಿದ ಮೇಲೆ ವಿವರ ಇಳಿಸಿಕೊಳ್ಳಬಹುದು.

ಯಂತ್ರದ ತಯಾರಿಕೆ ನಿಂತಿತು. ಟ್ರಸ್ಟ್ ಅದರ ವಿನ್ಯಾಸವನ್ನು ಗುಟ್ಟಾಗಿಡದೆ, ಮುಕ್ತ ತಂತ್ರಾಂಶದ ಪರವಾನಗಿಯಾದ ಜಿಪಿಎಲ್ ಮಾದರಿಯಲ್ಲಿ ತನ್ನದೇ ಪರವಾನಗಿ ಬರೆದು ಹೊರಗಿಟ್ಟಿತ್ತು. ಧ್ವನಿ ತಂತ್ರಾಂಶ ಜಿಪಿಎಲ್ ಅಡಿಯಲ್ಲಿಯೇ ಬಿಡುಗಡೆಯಾದ್ದರಿಂದ ಯಂತ್ರದ ಹಂಗಿಲ್ಲದೆ ಬದುಕಿತು. ಕೇರಳದ ಸಂತೋಷ್ ತೋಟ್ಟಿಙ್ಙಲ್ ಅದನ್ನು ಮುಂದುವರಿಸಿ, ಮಲಯಾಳಂ ಮೊದಲಾದ ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿ, ಲಿನಕ್ಸ್ ಇರುವ ಸಾಮಾನ್ಯ ಕಂಪ್ಯೂಟರುಗಳಲ್ಲಿ ಓಡುವಂತೆ ಮಾಡಿದರು.