ರಾಂಗ್ ಸೈಡಲ್ಲಿ ಬಂದ್ರೆ ಎದುರಿನವನಿಗೆ ಸಿಗೋದು ನಾಲ್ಕೂವರೆ ಸೆಕೆಂಡ್: ಪಿಯುಸಿ ಲೆಕ್ಕ ಹೆದ್ದಾರಿಯಲ್ಲಿ

ಕುಂದಾಪುರ: "ಇಲ್ಲೇ ಹತ್ರ, ಅಷ್ಟ್ ದೂರ ಸುತ್ ಹಾಯ್ಕಂಡ್ ಯಾರ್ ಹೋಪ್ದ್?" ಬ್ರಹ್ಮಾವರದಿಂದ ಬೈಂದೂರಿನ ತನಕ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾಂಗ್ ಸೈಡ್ ಬರುವ ಸ್ಕೂಟರಿನವರ ಮಾಮೂಲಿ ಮಾತು ಇದು. ಆದರೆ ಪಿಯುಸಿ ಫಿಸಿಕ್ಸ್‌ನ ಸಾಪೇಕ್ಷ ವೇಗದ ಲೆಕ್ಕ ಬೇರೆಯೇ ಹೇಳುತ್ತದೆ.

ಲೆಕ್ಕ ಸುಲಭ. ಕುಂದಾಪುರದ ಅಂಗಡಿಯಿಂದ ಪಾರ್ಸೆಲ್ ಹಿಡಿದು ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟಿತು. ಅದನ್ನು ಪಡೆಯಲು ಬೈಂದೂರು ಕಡೆಯಿಂದ ಅದೇ ಹೊತ್ತಿಗೆ ಬೈಕು 40ರಲ್ಲಿ ಹೊರಟಿತು. ನಡುವಿನ ದೂರ 30 ಕಿ.ಮೀ. ಎಂದಿಟ್ಟುಕೊಳ್ಳಿ. ಎದುರುಬದುರಾಗಿ ಬರುವುದರಿಂದ ವೇಗ ಕೂಡಿಸಬೇಕು, 100. 30ನ್ನು 100ರಿಂದ ಭಾಗಿಸಿದರೆ 18 ನಿಮಿಷ. ಅಷ್ಟರಲ್ಲಿ ಕಾರು 18 ಕಿ.ಮೀ., ಬೈಕು 12 ಕಿ.ಮೀ. ಬಂದಿರುತ್ತದೆ, ಭೇಟಿ ಅಲ್ಲೇ. ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಮಾತ್ರ ವೇಗ ಕಳೆಯಬೇಕು.

ಈ ಕೂಡಿಸು, ಕಳೆ ಅನ್ನುವುದರಲ್ಲೇ ಜೀವ ಇದೆ. ತಿರುವಿನಲ್ಲಿ 150 ಮೀಟರ್ ದೂರದಲ್ಲಿ ಸ್ಕೂಟರ್ ಕಾಣಿಸಿತು. ಕಾರು 80, ಸ್ಕೂಟರ್ 40. ಸ್ಕೂಟರ್ ಸರಿಯಾದ ದಿಕ್ಕಿನಲ್ಲೇ ಮುಂದೆ ಹೋಗುತ್ತಿದ್ದರೆ ವ್ಯತ್ಯಾಸ 40, ಅಂದರೆ ಸೆಕೆಂಡಿಗೆ 11 ಮೀಟರ್. ಹತ್ತಿರ ತಲುಪಲು ಹದಿಮೂರೂವರೆ ಸೆಕೆಂಡ್ ಬೇಕು. ಎದುರಿಗೆ ಬಂದರೆ 120, ಸೆಕೆಂಡಿಗೆ 33 ಮೀಟರ್. ಸಿಗೋದು ನಾಲ್ಕೂವರೆ ಸೆಕೆಂಡ್ ಅಷ್ಟೇ.

ಅದೂ ಪೂರ್ತಿ ಕೈಗೆ ಸಿಗಲ್ಲ. ಕಣ್ಣಿಗೆ ಬಿದ್ದು ಇಬ್ಬರೂ ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್, 50 ಮೀಟರ್ ಖಾಲಿ. ನಮ್ಮ ಮಳೆಗಾಲದ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲು ಅಂದಾಜು 62 ಮೀಟರ್, ಸ್ಕೂಟರಿಗೆ 15. ಒಟ್ಟು 127. ಕಾರಿನವ ಒಂದೇ ಸೆಕೆಂಡ್ ಮೊಬೈಲ್ ನೋಡಿದ್ದರೆ ಇನ್ನೂ 22 ಮೀಟರ್ ಸೇರಿ 149. ಉಳಿದದ್ದು 1 ಮೀಟರ್! ರಾತ್ರಿ ಡಿಮ್ ಲೈಟಲ್ಲಿ 60 ಮೀಟರ್ ಮಾತ್ರ ಕಂಡರೆ ಎರಡು ಸೆಕೆಂಡ್ ಕೂಡ ಇಲ್ಲ.

ತಪ್ಪೆಲ್ಲ ಸವಾರರದ್ದೇ ಅನ್ನಲಿಕ್ಕೂ ಆಗಲ್ಲ. ಸರ್ವಿಸ್ ರಸ್ತೆ ಎಲ್ಲ ಕಡೆ ಇಲ್ಲ, ಡಿವೈಡರ್ ಓಪನಿಂಗ್ ಬೇಕಾದಲ್ಲಿ ಇರಲ್ಲ. ಆದರೂ ಕಾನೂನು ಅದನ್ನು ನೋಡುವುದಿಲ್ಲ. 2019ರ ತಿದ್ದುಪಡಿ ನಂತರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರಲ್ಲಿ ವಿರುದ್ಧ ದಿಕ್ಕಿನ ಚಾಲನೆಯೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಮೊದಲ ಸಲಕ್ಕೇ 1,000ದಿಂದ 5,000 ರೂ. ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷ ಜೈಲು, ಅಥವಾ ಎರಡೂ.

ಇನ್ನು ಸುತ್ತು ಹಾಕುವ ಲೆಕ್ಕ. ಯೂ ಟರ್ನ್ 1 ಕಿ.ಮೀ. ಮುಂದಿದ್ದರೆ ಹೋಗಿ ಬರಲು 2 ಕಿ.ಮೀ. 40ರ ವೇಗದಲ್ಲಿ ಹೆಚ್ಚಾಗೋದು 3 ನಿಮಿಷ.