ಗಿರಾಕಿ ಬರುವ ಬಾಗಿಲು ಯಾವುದು?

ಅಂಗಡಿಗೆ ಸ್ಥಳವನ್ನಾರಿಸುವ ವರ್ತಕನು ಮೊದಲು ಜನಸಂಚಾರವನ್ನು ನೋಡುತ್ತಾನೆ. ಬೀದಿ ಎಷ್ಟೇ ಅಂದವಾಗಿರಲಿ, ಕೊಳ್ಳುವವರು ಸುಳಿಯದ ಕಡೆ ಕೊಟ್ಟ ಬಾಡಿಗೆಯು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಅಂತರ್ಜಾಲದ ವ್ಯಾಪಾರಕ್ಕೂ ಇದೇ ನ್ಯಾಯ. ಅಲ್ಲಿ ಗಿರಾಕಿಯನ್ನು ಅಂಗಡಿಗೆ ಕರೆತರುವುದು ಸರ್ಚ್ ಎಂಜಿನ್ ಎಂಬ ಶೋಧಯಂತ್ರ. ಆದರೆ ಲೋಕದಲ್ಲಿ ಶೋಧಯಂತ್ರವು ಒಂದೇ ಅಲ್ಲ. ಸಣ್ಣ ಬಂಡವಾಳದ ವರ್ತಕನು ಯಾವುದರ ಸಲುವಾಗಿ ಹಣವನ್ನೂ ಶ್ರಮವನ್ನೂ ವ್ಯಯಿಸಬೇಕು?

ಚಿಕ್ಕಮಗಳೂರಿನ ಕಾಫಿ ವರ್ತಕನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆತನ ಪುಡಿಗೆ ಬೆಂಗಳೂರಿನಲ್ಲಿಯೇ ಗಿರಾಕಿಗಳಿದ್ದರೆ ಹೆಚ್ಚು ಯೋಚಿಸಬೇಕಾದುದಿಲ್ಲ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಎಂಬ ತರುಣರು ಸ್ಥಾಪಿಸಿದ ಗೂಗಲ್ಲಿಗೆ ಭಾರತದಲ್ಲಿ ಸರಿಸಾಟಿಯಿಲ್ಲ. ಅದರ ಭೂಪಟದಲ್ಲಿ ಅಂಗಡಿಯ ವಿಳಾಸ, ವೇಳೆಗಳನ್ನು ನಮೂದಿಸುವುದಕ್ಕೆ ಶುಲ್ಕವೂ ಇಲ್ಲ.

ಗಡಿ ದಾಟಿದರೆ

ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ, ಜರ್ಮನಿ, ರಷ್ಯಗಳು ಮುಖ್ಯವಾದುವು. ಇಟಲಿ, ಜರ್ಮನಿಗಳಲ್ಲಿಯೂ ಗೂಗಲ್ಲೇ ಪ್ರಬಲ. ಅಲ್ಲಿ ಬದಲಾಗಬೇಕಾದುದು ಬರಹದ ಭಾಷೆ ಮಾತ್ರ. ರಷ್ಯದ ಸಂಗತಿಯೇ ಬೇರೆ. ಅಲ್ಲಿ 1997ರಲ್ಲಿ ಆರಂಭವಾದ ಯಾಂಡೆಕ್ಸ್ ಮುಂದಿದೆ. ಕನ್ನಡದಲ್ಲಿರುವಂತೆ ರಷ್ಯನ್ ನುಡಿಯಲ್ಲಿಯೂ ಪದಗಳು ವಿಭಕ್ತಿಗನುಸಾರವಾಗಿ ರೂಪಾಂತರ ಹೊಂದುತ್ತವೆ. ಈ ರೂಪಗಳನ್ನೆಲ್ಲ ಒಂದೇ ಪದವೆಂದು ಗುರುತಿಸುವ ಜಾಣ್ಮೆ ಯಾಂಡೆಕ್ಸಿಗೆ ಮೊದಲಿನಿಂದಲೂ ಇದ್ದಿತು. ಜನರು ಅದನ್ನು ನೆಚ್ಚಿದುದಕ್ಕೆ ಇದೂ ಒಂದು ಕಾರಣ.

ಚೀನದಲ್ಲಿ ಮಾರಬಯಸುವವನಿಗೆ ಗೂಗಲ್ಲಿನಿಂದ ಪ್ರಯೋಜನವಿಲ್ಲ. 2010ರಲ್ಲಿ ಅದು ಅಲ್ಲಿನ ಶೋಧಸೇವೆಯನ್ನು ಹಿಂತೆಗೆದುಕೊಂಡಿತು. ಅಲ್ಲಿ 2000ದಲ್ಲಿ ಹುಟ್ಟಿದ ಬೈದು ಪ್ರಮುಖವಾದುದು. ಅದಕ್ಕೆ ಒಪ್ಪುವಂತೆ ಸರಳೀಕೃತ ಚೀನೀ ಲಿಪಿಯಲ್ಲಿ ಬರೆಯಿಸಬೇಕು. ಆ ದೇಶದೊಳಗೆ ತಾಣವನ್ನಿರಿಸಲು ಸರಕಾರದ ನೋಂದಣಿಯೂ ಬೇಕು. ದಕ್ಷಿಣ ಕೊರಿಯದಲ್ಲಿ 1999ರ ನೇವರ್ ಜನಪ್ರಿಯವಾಗಿದ್ದು, ತನ್ನದೇ ಅಂಗಳದ ಬರಹಗಳಿಗೆ ಹೆಚ್ಚು ಮನ್ನಣೆ ನೀಡುತ್ತದೆ. ಇವೆಲ್ಲ ಖರ್ಚಿನ ಬಾಬುಗಳು. ಖಚಿತವಾದ ಗಿರಾಕಿಗಳಿಲ್ಲದೆ ಕೈಯಿಕ್ಕತಕ್ಕವಲ್ಲ.

ಒಂದು ಬೀಗದ ಕೈ, ಹಲವು ಬಾಗಿಲು

ಹೆಸರುಗಳು ಹಲವಾದರೂ ಯಂತ್ರಗಳು ಅಷ್ಟಿಲ್ಲವೆಂಬುದು ಸಮಾಧಾನದ ಸಂಗತಿ. ಯಾಹೂ ಮತ್ತು ಡಕ್‌ಡಕ್‌ಗೋ ತೋರಿಸುವ ಫಲಿತಾಂಶಗಳಲ್ಲಿ ಬಹುಪಾಲು ಮೈಕ್ರೋಸಾಫ್ಟಿನ ಬಿಂಗ್‌ನಿಂದ ಬಂದುವು. ಬಿಂಗ್‌ನಲ್ಲಿ ನೋಂದಾಯಿಸಿದವನು ಒಂದೇ ಶ್ರಮದಿಂದ ಮೂರು ಬಾಗಿಲುಗಳನ್ನು ತೆರೆದಂತಾಯಿತು. ಕಚೇರಿಗಳ ವಿಂಡೋಸ್ ಗಣಕಗಳಲ್ಲಿ ಬಿಂಗ್ ಮೊದಲೇ ಅಳವಟ್ಟು ಬರುವುದರಿಂದ, ಸಗಟು ಖರೀದಿ ಮಾಡುವ ಸಂಸ್ಥೆಗಳನ್ನು ನೆಚ್ಚಿದವರು ಇದನ್ನು ಕಡೆಗಣಿಸಲಾಗದು.

ಹಾಗಿದ್ದರೂ ಗೂಗಲ್ಲೊಂದನ್ನೇ ನಂಬಿ ಕೂರುವುದು ಕ್ಷೇಮವೇ? 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಲಯವೊಂದು, ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಉಳಿಸಿಕೊಂಡಿದೆಯೆಂದು ತೀರ್ಪಿತ್ತಿತು. ಆ ದೇಶದ ಶೋಧಪ್ರಶ್ನೆಗಳಲ್ಲಿ ನೂರಕ್ಕೆ ಸುಮಾರು 90 ಅದರ ಪಾಲಿಗೇ ಹೋಗುತ್ತಿದ್ದುದನ್ನೂ ಗುರುತಿಸಿತು. ಇಷ್ಟು ಬಲವುಳ್ಳ ಯಂತ್ರವು ತನ್ನ ಕ್ರಮವನ್ನು ಬದಲಿಸಿದೊಡನೆ ಮೊದಲ ಪುಟದಲ್ಲಿದ್ದ ಅಂಗಡಿಯು ಹತ್ತನೆಯ ಪುಟಕ್ಕಿಳಿಯಬಹುದು; ಅದನ್ನೇ ನೆಚ್ಚಿದ ಸಂಸಾರದ ಆದಾಯವೂ ಕುಗ್ಗಬಹುದು. ಬಿಂಗ್‌ನ ಉಚಿತ ನೋಂದಣಿಯು ಈ ಅಪಾಯಕ್ಕೆ ಅಲ್ಪವಾದರೂ ರಕ್ಷಣೆ.

ಆದುದರಿಂದ ವರ್ತಕನು ಮೊದಲು ತನ್ನ ತಾಣದ ದಾಖಲೆಗಳನ್ನು ಪರಿಶೀಲಿಸಬೇಕು. ಬಂದವರು ಯಾವ ದೇಶದವರು, ಯಾವ ಯಂತ್ರದ ಮೂಲಕ ಬಂದರು, ಅವರಲ್ಲಿ ಕೊಂಡವರೆಷ್ಟು ಎಂಬುದು ಅಲ್ಲಿ ತಿಳಿಯುತ್ತದೆ. ಈ ಲೆಕ್ಕವನ್ನು ನೋಡಿದ ಮೇಲೆಯೇ ಹಣದ ಚೀಲವನ್ನು ಬಿಚ್ಚುವುದು ಲೇಸು.